ಅನಾನಸ್ ಹಣ್ಣಿನ ಪೂರ್ಣ ಲಾಭ ಪಡೆಯುವುದು ಹೇಗೆ: ಆರಿಸುವುದರಿಂದ ತಿನ್ನುವವರೆಗೆ ಒಂದು ಮಾರ್ಗದರ್ಶಿ

ಅನಾನಸ್ ಹಣ್ಣನ್ನು ಕುರಿತು ಒಂದಕ್ಕೊಂದು ಹೊಂದದ ಮಾತುಗಳು ಕೇಳಿಬರುತ್ತವೆ. ಅದು ಮೈಯ ಕೊಬ್ಬನ್ನು ಕರಗಿಸುತ್ತದೆ, ಕೀಲುನೋವನ್ನು ಗುಣಪಡಿಸುತ್ತದೆ, ತಿಂದದ್ದನ್ನೆಲ್ಲ ಜೀರ್ಣ ಮಾಡಿಬಿಡುತ್ತದೆ ಎಂದು ಕೆಲವರು ಅದನ್ನು ಔಷಧಿಯ ಸ್ಥಾನಕ್ಕೆ ಏರಿಸುತ್ತಾರೆ. ಬಾಯಿ ಉರಿಯುತ್ತದೆ, ಸಕ್ಕರೆ ಕಾಯಿಲೆಗೆ ಆಗದು, ಗರ್ಭಿಣಿಯರು ಮುಟ್ಟಲೇಬಾರದು ಎಂದು ಇನ್ನು ಕೆಲವರು ದೂರವಿಡುತ್ತಾರೆ. ಈ ಎರಡು ಬಗೆಯ ಮಾತಿನಲ್ಲೂ ಎಲ್ಲೋ ಒಂದೆಳೆ ಸತ್ಯವಿದೆ. ಆದರೆ ಆ ಎಳೆ ಎಲ್ಲಿಗೆ ಮುಗಿಯುತ್ತದೆ ಎಂಬುದು ತಿಳಿಯದಿದ್ದರೆ ಸಿಗಬೇಕಾದ ಲಾಭ ಕೈತಪ್ಪುತ್ತದೆ, ಬೇಡದ ಭಯ ಉಳಿದುಕೊಳ್ಳುತ್ತದೆ. ಈ ಹಣ್ಣಿನ ಒಳಿತು ಅದರೊಳಗಿನ ಸತ್ವದಲ್ಲಿ ಎಷ್ಟಿದೆಯೋ, ನಾವು ಅದನ್ನು ಆರಿಸುವ, ಕತ್ತರಿಸುವ, ತಿನ್ನುವ ಮತ್ತು ಕಾಪಿಡುವ ರೀತಿಯಲ್ಲೂ ಅಷ್ಟೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕ್ರಮದಲ್ಲಿಯೇ ಈ ಬರಹ ಮುಂದುವರಿಯುತ್ತದೆ.

ಮೊದಲ ಹೆಜ್ಜೆ: ಹಣ್ಣಿನೊಳಗೆ ಏನಿದೆ ಎಂದು ತಿಳಿಯಿರಿ

ಸಿಪ್ಪೆ ತೆಗೆದ 100 ಗ್ರಾಂ ತಾಜಾ ಅನಾನಸಿನಲ್ಲಿ ಸುಮಾರು 86 ಗ್ರಾಂ ನೀರೇ ಇರುತ್ತದೆ. ಉಳಿದದ್ದರಲ್ಲಿ ಸುಮಾರು 13 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ಅದರೊಳಗೆ ಹತ್ತು ಗ್ರಾಂನಷ್ಟು ಸಕ್ಕರೆ, 1.4 ಗ್ರಾಂ ನಾರು. ಪ್ರೊಟೀನ್ ಅರ್ಧ ಗ್ರಾಂ, ಕೊಬ್ಬು ಹೆಸರಿಗಷ್ಟೇ. ಒಟ್ಟು ಶಕ್ತಿ ಸುಮಾರು 50 ಕಿಲೊ ಕ್ಯಾಲರಿ. ಇಷ್ಟನ್ನು ನೋಡಿದರೆ ಇದು ಇತರ ಸಿಹಿ ಹಣ್ಣುಗಳಂತೆಯೇ ಒಂದು ಹಣ್ಣು ಅನ್ನಿಸುತ್ತದೆ. ಆದರೆ ಎರಡು ಪೋಷಕಾಂಶಗಳಲ್ಲಿ ಅನಾನಸ್ ನಿಜವಾಗಿಯೂ ಎದ್ದು ಕಾಣುತ್ತದೆ: ಒಂದು ವಿಟಮಿನ್ ಸಿ, ಮತ್ತೊಂದು ಮ್ಯಾಂಗನೀಸ್.

100 ಗ್ರಾಂ ಹಣ್ಣಿನಲ್ಲಿ ಸುಮಾರು 48 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ವಯಸ್ಕ ಪುರುಷರಿಗೆ ದಿನಕ್ಕೆ 90, ಮಹಿಳೆಯರಿಗೆ 75 ಮಿಲಿಗ್ರಾಂ ಎಂಬ ತುಸು ಉದಾರವಾದ ಶಿಫಾರಸನ್ನೇ ಅಳತೆಗೋಲಾಗಿ ಹಿಡಿದರೂ, 150 ಗ್ರಾಂ ಅನಾನಸ್ ಆ ದಿನದ ಅಗತ್ಯದ ಬಹುಪಾಲನ್ನು ಪೂರೈಸುತ್ತದೆ. ನಮ್ಮ ದೇಹ ಈ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು, ಹೆಚ್ಚು ಕಾಲ ಕೂಡಿಡಲೂ ಆರದು. ಆದ್ದರಿಂದ ಇದು ಆಹಾರದ ಮೂಲಕ ಮತ್ತೆ ಮತ್ತೆ ಬರುತ್ತಲೇ ಇರಬೇಕು. ಚರ್ಮ, ವಸಡು, ರಕ್ತನಾಳಗಳ ಗೋಡೆ, ಮೃದ್ವಸ್ಥಿ ಇವುಗಳನ್ನೆಲ್ಲ ಹಿಡಿದಿಡುವ ಕೊಲಾಜನ್ ಎಂಬ ಪ್ರೊಟೀನ್ ಗಟ್ಟಿಯಾಗಿ ಹೆಣೆದುಕೊಳ್ಳಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಗಾಯ ಮಾಯಲು ಇದು ಅವಶ್ಯವಾಗುವುದೂ, ಇದು ತೀರ ಕಡಿಮೆಯಾದಾಗ ಸ್ಕರ್ವಿ ಎಂಬ ಕಾಯಿಲೆಯಲ್ಲಿ ವಸಡುಗಳಿಂದ ರಕ್ತ ಒಸರುವುದೂ ಈ ಕಾರಣಕ್ಕೇ.

ವಿಟಮಿನ್ ಸಿ ಎಂದ ಕೂಡಲೇ ನೆಗಡಿಯ ಮಾತು ಬರುತ್ತದೆ. ರೋಗನಿರೋಧಕ ವ್ಯವಸ್ಥೆಯ ಜೀವಕೋಶಗಳು ಸರಿಯಾಗಿ ಕೆಲಸ ಮಾಡಲು ಇದು ಬೇಕು ಎಂಬುದು ನಿಜ. ಆದರೆ ಸಾಮಾನ್ಯ ಜನರಲ್ಲಿ ಇದು ನೆಗಡಿಯನ್ನು ಬರದಂತೆ ತಡೆಯುವುದಿಲ್ಲ; ನಿಯಮಿತವಾಗಿ ಮಾತ್ರೆಯ ರೂಪದಲ್ಲಿ ಸೇವಿಸುವವರಲ್ಲಿ ನೆಗಡಿ ಇರುವ ಅವಧಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಹಾಗಾಗಿ ನೆಗಡಿ ಬಂದ ದಿನ ಒಂದು ಇಡೀ ಹಣ್ಣು ತಿನ್ನುವುದಕ್ಕಿಂತ, ವಾರದಲ್ಲಿ ಕೆಲವು ದಿನ ಹಿತಮಿತವಾಗಿ ಹಣ್ಣು ತಿನ್ನುವ ರೂಢಿಯೇ ಅರ್ಥಪೂರ್ಣವಾದದ್ದು.

ಮ್ಯಾಂಗನೀಸ್ ಬಗ್ಗೆ ಜನ ಮಾತಾಡುವುದು ಕಡಿಮೆ. ನನ್ನ ದೃಷ್ಟಿಯಲ್ಲಿ ಅನಾನಸಿಗೆ ಸಲ್ಲಬೇಕಾದ, ಆದರೆ ಸಲ್ಲದೆ ಉಳಿದಿರುವ ಮನ್ನಣೆ ಇದೇ. 100 ಗ್ರಾಂ ಹಣ್ಣಿನಲ್ಲಿ ಸುಮಾರು 0.9 ಮಿಲಿಗ್ರಾಂ ಮ್ಯಾಂಗನೀಸ್ ಇರುತ್ತದೆ. ವಯಸ್ಕರಿಗೆ ದಿನಕ್ಕೆ ಸಾಕೆನಿಸುವ ಪ್ರಮಾಣ 1.8ರಿಂದ 2.3 ಮಿಲಿಗ್ರಾಂ. ಅಂದರೆ 150 ಗ್ರಾಂ ಹಣ್ಣು ಅರ್ಧಕ್ಕಿಂತ ಹೆಚ್ಚು ಅಗತ್ಯವನ್ನು ತುಂಬಿಕೊಡುತ್ತದೆ. ಮೂಳೆಯ ರಚನೆಗೆ, ಶರ್ಕರಪಿಷ್ಟ ಮತ್ತು ಪ್ರೊಟೀನಿನ ಚಯಾಪಚಯಕ್ಕೆ ಈ ಖನಿಜ ಬೇಕು. ಜೀವಕೋಶಗಳಲ್ಲಿ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯದೊಳಗೆ ಅಪಾಯಕಾರಿ ಆಮ್ಲಜನಕದ ಕಣಗಳು ಹುಟ್ಟುತ್ತಲೇ ಇರುತ್ತವೆ. ಅವುಗಳನ್ನು ನಿರಪಾಯಗೊಳಿಸುವ ಕಿಣ್ವದ ನಡುವಿನಲ್ಲಿ ಕುಳಿತಿರುವುದೂ ಮ್ಯಾಂಗನೀಸೇ.

ಎರಡನೆಯ ಹೆಜ್ಜೆ: ಬ್ರೊಮೆಲೈನ್ ಎಷ್ಟು ಮಾಡಬಲ್ಲದು ಎಂದು ಅರಿಯಿರಿ

ಅನಾನಸಿನ ಖ್ಯಾತಿಯ ಬಹುಪಾಲು ನಿಂತಿರುವುದು ಬ್ರೊಮೆಲೈನ್ ಎಂಬ ಹೆಸರಿನ ಮೇಲೆ. ಇದು ಒಂದೇ ವಸ್ತುವಲ್ಲ. ಪ್ರೊಟೀನನ್ನು ತುಂಡರಿಸುವ ಹಲವು ಕಿಣ್ವಗಳ ಗುಂಪು. ಅದರ ಶಕ್ತಿಯನ್ನು ಅಡುಗೆಮನೆಯಲ್ಲೇ ಕಾಣಬಹುದು. ಜೆಲಟಿನ್ ಹಾಕಿ ಮಾಡಿದ ಜೆಲ್ಲಿಗೆ ಹಸಿ ಅನಾನಸ್ ಸೇರಿಸಿದರೆ ಅದು ಗಟ್ಟಿಯಾಗುವುದೇ ಇಲ್ಲ, ಏಕೆಂದರೆ ಜೆಲಟಿನ್ ಪ್ರೊಟೀನ್. ಅದೇ ಸಮುದ್ರಪಾಚಿಯಿಂದ ತೆಗೆದ ಅಗರ್ ಬಳಸಿದರೆ ಜೆಲ್ಲಿ ಕಟ್ಟಿಕೊಳ್ಳುತ್ತದೆ, ಏಕೆಂದರೆ ಅಗರ್ ಪ್ರೊಟೀನ್ ಅಲ್ಲ. ಹಾಲಿನಲ್ಲಿ ಹಸಿ ಅನಾನಸ್ ಬಹಳ ಹೊತ್ತು ನೆನೆದರೆ ಕಹಿಯಾಗುವುದೂ, ಮಾಂಸವನ್ನು ಅದರ ರಸದಲ್ಲಿ ರಾತ್ರಿಯಿಡೀ ಬಿಟ್ಟರೆ ಮುದ್ದೆಯಾಗುವುದೂ ಇದೇ ಕಿಣ್ವದ ಕೆಲಸ.

ಶುದ್ಧೀಕರಿಸಿದ ರೂಪದಲ್ಲಿ ಈ ಕಿಣ್ವಕ್ಕೆ ವೈದ್ಯಕೀಯದಲ್ಲೂ ಸ್ಥಾನವಿದೆ. ತೀವ್ರ ಸುಟ್ಟಗಾಯಗಳ ಮೇಲಿನ ಸತ್ತ ಚರ್ಮವನ್ನು ತೆಗೆಯಲು ಬ್ರೊಮೆಲೈನ್ ಸಾಂದ್ರವಾಗಿರುವ ಲೇಪನವೊಂದಕ್ಕೆ ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಅನುಮತಿ ದೊರೆತಿದೆ. ಊತ ಮತ್ತು ನೋವನ್ನು ಕಡಿಮೆ ಮಾಡಲು ಮಾತ್ರೆಯ ರೂಪದಲ್ಲಿ ಇದನ್ನು ಕೊಟ್ಟು ನೋಡಿದ ಅಧ್ಯಯನಗಳೂ ಇವೆ. ಅವುಗಳ ಫಲಿತಾಂಶ ಒಂದೇ ತೆರನಾಗಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಓದುಗರು ಗಮನಿಸಬೇಕೆಂದು ನಾನು ಒತ್ತಿ ಹೇಳಬಯಸುತ್ತೇನೆ. ಆ ಮಾತ್ರೆ ಮತ್ತು ಲೇಪನಗಳಿಗೆ ಬೇಕಾದ ಬ್ರೊಮೆಲೈನನ್ನು ತೆಗೆಯುವುದು ಮುಖ್ಯವಾಗಿ ಗಿಡದ ಕಾಂಡದಿಂದ. ನಾವು ತಿನ್ನದ, ಹಣ್ಣು ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಭಾಗದಿಂದ. ತಿರುಳಿನಲ್ಲೂ ಈ ಬಗೆಯ ಕಿಣ್ವಗಳಿವೆ, ಆದರೆ ಮಾತ್ರೆಯಲ್ಲಿರುವ ಸಾಂದ್ರತೆಯಲ್ಲಿ ಇಲ್ಲ. ಜೊತೆಗೆ ಜಠರದ ಆಮ್ಲ ಮತ್ತು ಅಲ್ಲಿನ ಪಾಚಕರಸಗಳು ಈ ಕಿಣ್ವವನ್ನೂ ಒಂದಿಷ್ಟು ಜೀರ್ಣ ಮಾಡಿಬಿಡುತ್ತವೆ. ಆದುದರಿಂದ ಮಾತ್ರೆಯ ಅಧ್ಯಯನದ ಫಲಿತಾಂಶವನ್ನು ತಟ್ಟೆಯ ಹೋಳಿಗೆ ನೇರವಾಗಿ ಅನ್ವಯಿಸುವುದು ತಪ್ಪಾಗುತ್ತದೆ. ಪ್ರೊಟೀನ್ ಹೆಚ್ಚಿರುವ ಊಟದ ಜೊತೆ ಅನಾನಸ್ ತಿಂದರೆ ಹೊಟ್ಟೆ ಹಗುರವೆನಿಸುತ್ತದೆ ಎಂದು ಹೇಳುವವರಿದ್ದಾರೆ. ಹಾಗೆ ಅನ್ನಿಸಿದರೆ ತಿನ್ನುವುದರಲ್ಲಿ ತೊಂದರೆಯಿಲ್ಲ. ಆದರೆ ಆರೋಗ್ಯವಂತರ ಜಠರ ಮತ್ತು ಮೇದೋಜೀರಕ ಗ್ರಂಥಿ ಪ್ರೊಟೀನನ್ನು ಜೀರ್ಣಿಸಲು ತಮ್ಮಷ್ಟಕ್ಕೆ ತಾವೇ ಶಕ್ತವಾಗಿವೆ.

ಕೊಬ್ಬು ಕರಗುವ ಮಾತಿಗೂ ಉತ್ತರ ಇಲ್ಲೇ ಇದೆ. ಬ್ರೊಮೆಲೈನ್ ತುಂಡರಿಸುವುದು ಪ್ರೊಟೀನನ್ನು, ಕೊಬ್ಬನ್ನಲ್ಲ. ಅದೂ ಆಹಾರದಲ್ಲಿರುವ ಪ್ರೊಟೀನನ್ನು. ಹೊಟ್ಟೆಯ ಸುತ್ತ ಶೇಖರವಾದ ಕೊಬ್ಬನ್ನು ಅದು ಮುಟ್ಟುವುದಿಲ್ಲ. ತೂಕ ಇಳಿಸಿಕೊಳ್ಳುವವರಿಗೆ ಅನಾನಸ್ ನೆರವಾಗುವುದು ಬೇರೆಯದೇ ದಾರಿಯಲ್ಲಿ: ನೀರು ಹೆಚ್ಚಿರುವ, ಶಕ್ತಿ ಕಡಿಮೆ ಇರುವ, ಸಿಹಿಯ ಆಸೆಯನ್ನು ತಣಿಸುವ ಈ ಹಣ್ಣು ಒಂದು ಸಿಹಿತಿಂಡಿಯ ಜಾಗಕ್ಕೆ ಬಂದರೆ ಆ ದಿನದ ಕ್ಯಾಲರಿ ತಾನಾಗಿ ಇಳಿಯುತ್ತದೆ.

ಮೂರನೆಯ ಹೆಜ್ಜೆ: ನಿಮಗೆ ಇದು ಹೊಂದುತ್ತದೆಯೇ ಎಂದು ನೋಡಿಕೊಳ್ಳಿ

ಹೆಚ್ಚಿನವರು ಅನಾನಸನ್ನು ಯಾವ ಅಂಜಿಕೆಯೂ ಇಲ್ಲದೆ ತಿನ್ನಬಹುದು. ಕೆಲವರು ಮಾತ್ರ ಮುಂಚಿತವಾಗಿ ಯೋಚಿಸಬೇಕು.

ಅಲರ್ಜಿಯ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಇದನ್ನು ಸಾಮಾನ್ಯ ಬಾಯಿಯುರಿ ಎಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ನಾಲಿಗೆ ಚುರುಗುಟ್ಟುವುದು ಎಲ್ಲರಿಗೂ ಆಗಬಹುದಾದದ್ದು, ಸ್ವಲ್ಪ ಹೊತ್ತಿನಲ್ಲಿ ಇಳಿಯುವಂಥದ್ದು. ಆದರೆ ತುಟಿ ಅಥವಾ ಗಂಟಲು ಊದಿಕೊಳ್ಳುವುದು, ಮೈಮೇಲೆ ದದ್ದು ಏಳುವುದು, ವಾಂತಿ, ಉಸಿರಾಟದ ಕಷ್ಟ, ತಲೆಸುತ್ತು ಇವು ಅಲರ್ಜಿಯ ಲಕ್ಷಣಗಳು. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸೆ ಪಡೆಯಬೇಕು. ರಬ್ಬರ್ ಕೈಗವಸು ಮುಂತಾದ ಲ್ಯಾಟೆಕ್ಸ್ ವಸ್ತುಗಳಿಗೆ ಅಲರ್ಜಿ ಇರುವವರಲ್ಲಿ ಕೆಲವರಿಗೆ ಅನಾನಸೂ ಆಗದಿರುವ ಸಂಭವವಿದೆ.

ಎದೆಯುರಿ, ಹುಳಿತೇಗು ಅಥವಾ ಹೊಟ್ಟೆಹುಣ್ಣು ಇರುವವರಿಗೆ ಈ ಹಣ್ಣಿನ ಆಮ್ಲ ಹಿಂಸೆ ಕೊಡಬಹುದು. ಅಂಥವರು ಬರಿಹೊಟ್ಟೆಯಲ್ಲಿ ಮತ್ತು ಮಲಗುವ ಮುನ್ನ ತಿನ್ನದಿರುವುದು ಒಳ್ಳೆಯದು. ನಾಲ್ಕು ಹೋಳು ತಿಂದು ನೋಡಿ, ಆಗಲೂ ಉರಿ ಬಂದರೆ ಬಿಟ್ಟುಬಿಡಬೇಕು.

ಮಧುಮೇಹ ಇರುವವರು ಅನಾನಸನ್ನು ಪೂರ್ತಿ ಬಿಡಬೇಕಾಗಿಲ್ಲ. ಇದರ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ತಿಂದ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದರ ಅಳತೆ, ಸಾಮಾನ್ಯವಾಗಿ ಮಧ್ಯಮ ಮಟ್ಟದಲ್ಲಿದ್ದು, ತಳಿ ಮತ್ತು ಹಣ್ಣಾದ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುತ್ತದೆ. 100 ಗ್ರಾಂ ಹಣ್ಣಿಗೆ 13 ಗ್ರಾಂ ಶರ್ಕರಪಿಷ್ಟ ಎಂಬ ಲೆಕ್ಕವನ್ನು ನೆನಪಿಟ್ಟುಕೊಂಡು ಅದನ್ನು ದಿನದ ಒಟ್ಟು ಲೆಕ್ಕದೊಳಗೆ ಸೇರಿಸಿಕೊಳ್ಳಬೇಕು. ಒಂದು ಹಿಡಿ ಕಡಲೆಕಾಯಿ, ಬಾದಾಮಿ ಅಥವಾ ಒಂದು ಬಟ್ಟಲು ಮೊಸರಿನ ಜೊತೆ ತಿಂದರೆ ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗುತ್ತದೆ. ಮೊದಲ ಸಲ ತಿಂದ ಎರಡು ಗಂಟೆಯ ನಂತರ ಗ್ಲುಕೋಮೀಟರ್‌ನಲ್ಲಿ ರಕ್ತದ ಸಕ್ಕರೆಯನ್ನು ನೋಡಿಕೊಳ್ಳುವುದು ಎಲ್ಲ ಸಾಮಾನ್ಯ ಸಲಹೆಗಳಿಗಿಂತ ಮೇಲು, ಏಕೆಂದರೆ ಒಬ್ಬೊಬ್ಬರ ದೇಹ ಒಂದೊಂದು ರೀತಿ ಪ್ರತಿಕ್ರಿಯಿಸುತ್ತದೆ.

ಗರ್ಭಿಣಿಯರ ವಿಷಯದಲ್ಲಿ ಹರಡಿರುವ ಭಯ ನಿರಾಧಾರ. ಆಹಾರವಾಗಿ ತಿನ್ನುವ ಪ್ರಮಾಣದಲ್ಲಿ ಹಣ್ಣಾದ ಅನಾನಸ್ ಗರ್ಭಪಾತಕ್ಕೆ ಕಾರಣವಾಗುತ್ತದೆ ಎನ್ನಲು ಯಾವ ವೈಜ್ಞಾನಿಕ ಪುರಾವೆಯೂ ಇಲ್ಲ. ಈಗಾಗಲೇ ಎದೆಯುರಿಯಿಂದ ಬಳಲುವ ಗರ್ಭಿಣಿಗೆ ಅದು ಹೆಚ್ಚಾಗಬಹುದು ಎಂಬುದಷ್ಟೇ ಎಚ್ಚರಿಕೆ. ಒಂದು ಆರೋಗ್ಯಕರ ಹಣ್ಣನ್ನು ತಿಂದೆನೆಂಬ ಕಾರಣಕ್ಕೆ ಯಾವ ತಾಯಿಯೂ ಅಪರಾಧ ಭಾವದಿಂದ ನರಳಬಾರದು ಎಂಬ ಕಾಳಜಿಯಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಬ್ರೊಮೆಲೈನ್ ಮಾತ್ರೆಗಳ ವಿಷಯ ಬೇರೆ. ಅವುಗಳನ್ನು ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸಬಾರದು.

ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರಿಗೂ ಇದೇ ವ್ಯತ್ಯಾಸ ಅನ್ವಯಿಸುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಈ ಹಣ್ಣಿನಲ್ಲಿ ಅತ್ಯಲ್ಪವಾಗಿರುವುದರಿಂದ ಊಟದ ಪ್ರಮಾಣದ ಅನಾನಸ್ ವಾರ್ಫರಿನ್‌ನಂಥ ಔಷಧಿಗೆ ಸಾಮಾನ್ಯವಾಗಿ ಅಡ್ಡಿಯಾಗದು. ಬ್ರೊಮೆಲೈನ್ ಮಾತ್ರೆ ಮಾತ್ರ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಹುದು, ಕೆಲವು ಪ್ರತಿಜೀವಕಗಳ (ಆಂಟಿಬಯಾಟಿಕ್) ಹೀರುವಿಕೆಯನ್ನೂ ಬದಲಿಸಬಹುದು. ಶಸ್ತ್ರಚಿಕಿತ್ಸೆಗೆ ಹೋಗುವವರು ಇಂಥ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಗೊಳಿಸಬೇಕಾದವರಿಗೆ ಅನಾನಸ್ ಒಂದು ಅನುಕೂಲಕರ ಹಣ್ಣು: 100 ಗ್ರಾಂನಲ್ಲಿ ಸುಮಾರು 109 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದು, ಇದು ಬಾಳೆಹಣ್ಣಿನಲ್ಲಿರುವುದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಪುಟ್ಟ ಮಕ್ಕಳಿಗೆ ಕೊಡುವಾಗ ನಡುದಿಂಡನ್ನು ತೆಗೆದು, ತೀರ ಚಿಕ್ಕದಾಗಿ ಹೆಚ್ಚಿ ಅಥವಾ ಹಿಸುಕಿ ಕೊಡಬೇಕು. ನಾರಿನ ದೊಡ್ಡ ಹೋಳು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹುಳಿಯ ರಸ ಬಾಯಿಯ ಸುತ್ತ ಕೆಂಪು ಗುರುತು ಮೂಡಿಸಬಹುದು.

ನಾಲ್ಕನೆಯ ಹೆಜ್ಜೆ: ಹಣ್ಣನ್ನು ಸರಿಯಾಗಿ ಆರಿಸಿ

ಕೊಯ್ದ ಮೇಲೆ ಅನಾನಸ್ ಇನ್ನಷ್ಟು ಸಿಹಿಯಾಗುವುದಿಲ್ಲ. ಬಾಳೆ, ಮಾವು ಮೊದಲಾದವು ತಮ್ಮೊಳಗಿನ ಪಿಷ್ಟವನ್ನು ಕೊಯ್ದ ನಂತರವೂ ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತವೆ; ಅನಾನಸಿನಲ್ಲಿ ಹಾಗೆ ಮಾರ್ಪಡಲು ಪಿಷ್ಟದ ದಾಸ್ತಾನು ಇರುವುದಿಲ್ಲ. ಮನೆಯಲ್ಲಿ ಇಟ್ಟರೆ ಸಿಪ್ಪೆ ಹಳದಿಯಾಗಬಹುದು, ತಿರುಳು ಮೆತ್ತಗಾಗಬಹುದು, ಸಿಹಿ ಮಾತ್ರ ಕೊಯ್ದ ದಿನದ್ದೇ. ಆದ್ದರಿಂದ ಆರಿಸುವಾಗಲೇ ಹಣ್ಣಾದದ್ದನ್ನು ಆರಿಸಬೇಕು.

ಹಣ್ಣನ್ನು ತಲೆಕೆಳಗು ಮಾಡಿ ಬುಡವನ್ನು ಮೂಸಿ ನೋಡುವುದು ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ. ಸಿಹಿಯಾದ ಅನಾನಸಿನ ಪರಿಮಳ ಬಂದರೆ ಹಣ್ಣಾಗಿದೆ. ಯಾವ ವಾಸನೆಯೂ ಇಲ್ಲದಿದ್ದರೆ ಬಲಿಯುವ ಮೊದಲೇ ಕೊಯ್ದಿರಬಹುದು. ಹೆಂಡದಂಥ ಹುಳಿವಾಸನೆ ಬಂದರೆ ಒಳಗೆ ಹುದುಗು ಹಿಡಿದಿದೆ. ಒಂದೇ ಗಾತ್ರದ ಎರಡು ಹಣ್ಣುಗಳಲ್ಲಿ ಕೈಗೆ ಭಾರವೆನಿಸುವುದರಲ್ಲಿ ರಸ ಹೆಚ್ಚು. ಒತ್ತಿದರೆ ತುಸುವೇ ಬಗ್ಗಬೇಕು, ಕುಳಿ ಬೀಳಬಾರದು. ಜುಟ್ಟಿನ ಎಲೆಗಳು ಹಸಿರಾಗಿ ತಾಜಾತನ ತೋರಬೇಕು. ಸಿಪ್ಪೆಯ ಮೇಲಿನ ಗುಂಡು ಗುರುತುಗಳಾದ ಕಣ್ಣುಗಳ ನಡುವೆ ಬೂಷ್ಟು, ಬುಡದಲ್ಲಿ ರಸ ಒಸರಿದ ಗುರುತು ಇರಬಾರದು. ಜುಟ್ಟಿನ ನಡುವಿನ ಎಲೆ ಸುಲಭವಾಗಿ ಕಿತ್ತುಬಂದರೆ ಹಣ್ಣಾಗಿದೆ ಎಂಬ ಮಾತನ್ನು ನಂಬಿ ಮೋಸಹೋಗಬೇಡಿ. ಹಳಸಿದ ಹಣ್ಣಿನ ಎಲೆಯೂ ಹಾಗೆಯೇ ಕಿತ್ತುಬರುತ್ತದೆ. ಸಿಪ್ಪೆಯ ಬಣ್ಣವೂ ಪೂರ್ತಿ ಸಾಕ್ಷಿಯಲ್ಲ, ಕೆಲವು ತಳಿಗಳು ಹಸಿರಾಗಿದ್ದಾಗಲೇ ಒಳಗೆ ಸಿಹಿಯಾಗಿರುತ್ತವೆ.

ಎಳೆಯ, ಬಲಿಯದ ಅನಾನಸನ್ನು ಮಾತ್ರ ಹಸಿಯಾಗಿ ತಿನ್ನಬಾರದು. ಅದರ ಆಮ್ಲ ಬಾಯಿ, ಗಂಟಲನ್ನು ಬಹಳವಾಗಿ ಕೆರಳಿಸುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ.

ಐದನೆಯ ಹೆಜ್ಜೆ: ತೊಳೆದು ಕತ್ತರಿಸಿ

ಸಿಪ್ಪೆಯನ್ನು ಹೇಗೂ ಎಸೆಯುತ್ತೇವೆ ಎಂದು ತೊಳೆಯದೆ ಕತ್ತರಿಸುವವರು ಬಹಳ. ಕಣ್ಣುಗಳ ಸಂದಿಯಲ್ಲಿ ಮಣ್ಣು ಮತ್ತು ಸೂಕ್ಷ್ಮಜೀವಿಗಳು ಕುಳಿತಿರುತ್ತವೆ. ಕತ್ತಿಯ ಅಲಗು ಅವನ್ನು ಸೀದಾ ತಿರುಳಿಗೆ ಒಯ್ಯುತ್ತದೆ. ಹರಿಯುವ ನೀರಿನಡಿ ಬ್ರಷ್‌ನಿಂದ ತಿಕ್ಕಿ ತೊಳೆದು, ಒರೆಸಿಕೊಳ್ಳಿ. ಸಾಬೂನು ಬೇಡ.

ಹಣ್ಣನ್ನು ಮಣೆಯ ಮೇಲೆ ಮಲಗಿಸಿ ಜುಟ್ಟನ್ನೂ ಬುಡವನ್ನೂ ಒಂದೊಂದು ಬೆರಳಿನ ದಪ್ಪಕ್ಕೆ ಕತ್ತರಿಸಿ ತೆಗೆಯಿರಿ. ಈಗ ಅದು ಅಲುಗಾಡದೆ ನೆಟ್ಟಗೆ ನಿಲ್ಲುತ್ತದೆ. ಮೇಲಿನಿಂದ ಕೆಳಕ್ಕೆ, ಹಣ್ಣಿನ ಉಬ್ಬನ್ನು ಅನುಸರಿಸುತ್ತ ಸಿಪ್ಪೆಯನ್ನು ಪಟ್ಟಿಪಟ್ಟಿಯಾಗಿ ಇಳಿಸಿ. ಕಣ್ಣುಗಳೂ ಹೋಗಲಿ ಎಂದು ದಪ್ಪವಾಗಿ ಕೆತ್ತಿದರೆ ಒಳ್ಳೆಯ ತಿರುಳು ಸಿಪ್ಪೆಯ ಜೊತೆ ಹೋಗುತ್ತದೆ; ಸಿಪ್ಪೆಯನ್ನು ತೆಳುವಾಗಿ ತೆಗೆದು ಕಣ್ಣುಗಳನ್ನು ಬೇರೆಯಾಗಿ ತೆಗೆಯುವುದು ಮೇಲು. ಸಿಪ್ಪೆ ಹೋದ ಮೇಲೆ ಗಮನಿಸಿ ನೋಡಿದರೆ ಕಂದು ಕಣ್ಣುಗಳು ಓರೆಸಾಲುಗಳಲ್ಲಿ ಹಣ್ಣನ್ನು ಸುತ್ತಿ ಹೋಗುವುದು ಕಾಣುತ್ತದೆ. ಅನಾನಸ್ ಒಂದೇ ಹೂವಿನಿಂದ ಆದ ಹಣ್ಣಲ್ಲ. ನೂರಕ್ಕೂ ಹೆಚ್ಚು ಹೂಗಳು ನಡುದಿಂಡಿನ ಸುತ್ತ ಸುರುಳಿಯಾಗಿ ಅರಳಿ, ಕೂಡಿಕೊಂಡು ಒಂದಾದ ಹಣ್ಣು, ಒಂದೊಂದು ಕಣ್ಣೂ ಒಂದೊಂದು ಹೂವಿನ ನೆಲೆ. ಆ ಓರೆಸಾಲಿನ ಎರಡೂ ಬದಿಗೆ ಇಳಿಜಾರಾಗಿ ಕತ್ತಿಯಾಡಿಸಿದರೆ ಒಂದು ಸಾಲಿನ ಕಣ್ಣುಗಳೆಲ್ಲ ಒಂದೇ ಎಳೆಯಾಗಿ ಎದ್ದುಬರುತ್ತವೆ.

ಆಮೇಲೆ ಹಣ್ಣನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ನಡುದಿಂಡನ್ನು ತೆಗೆದು ಹೋಳು ಮಾಡಿ. ದಿಂಡು ತಿನ್ನಲು ಬಾರದ್ದೇನಲ್ಲ; ಗಟ್ಟಿ ಮತ್ತು ನಾರಿನಿಂದ ಕೂಡಿದ್ದು, ತೆಳುವಾಗಿ ಹೆಚ್ಚಿ ಅಗಿದು ತಿನ್ನಬಹುದು ಅಥವಾ ಮಿಕ್ಸಿಯಲ್ಲಿ ಉಳಿದ ಹಣ್ಣಿನ ಜೊತೆ ರುಬ್ಬಬಹುದು. ಬುಡದ ಕಡೆಯ ತಿರುಳು ಮೊದಲು ಹಣ್ಣಾಗುವುದರಿಂದ ಅಲ್ಲಿ ಸಿಹಿ ಹೆಚ್ಚು, ಜುಟ್ಟಿನ ಕಡೆ ಹುಳಿ ಹೆಚ್ಚು. ಅಡ್ಡಡ್ಡ ಬಿಲ್ಲೆಗಳ ಬದಲು ಉದ್ದಕ್ಕೆ ಸೀಳಿದರೆ ಎಲ್ಲರಿಗೂ ಎರಡೂ ರುಚಿ ಸಮವಾಗಿ ಸಿಗುತ್ತದೆ. ಹೆಚ್ಚು ಹಣ್ಣು ಕತ್ತರಿಸಬೇಕಾದಾಗ ಕೈಗವಸು ಧರಿಸಿ. ರಸದ ಕಿಣ್ವ ಬೆರಳಿನ ಚರ್ಮವನ್ನೂ ಸವೆಸುತ್ತದೆ.

ಆರನೆಯ ಹೆಜ್ಜೆ: ಎಷ್ಟು, ಯಾವುದರ ಜೊತೆ ತಿನ್ನಬೇಕೆಂದು ತೀರ್ಮಾನಿಸಿ

ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 100ರಿಂದ 150 ಗ್ರಾಂ, ಅಂದರೆ ಒಂದು ಸಾಧಾರಣ ಬಟ್ಟಲು ಹೋಳು ಸಾಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಲು ಸಲಹೆ ನೀಡುತ್ತದೆ; ಅನಾನಸ್ ಅದರಲ್ಲಿ ಒಂದು ಪಾಲಾಗಿರಲಿ, ಅದೇ ಪೂರ್ತಿಯಾಗುವುದು ಬೇಡ. ಬೇರೆ ಹಣ್ಣುಗಳು ಕೊಡುವ ನಾರು ಮತ್ತು ಎ ಜೀವಸತ್ವವನ್ನು ಇದು ಅಷ್ಟಾಗಿ ಕೊಡಲಾರದು.

ಊಟದ ಜೊತೆ ಅಥವಾ ಊಟವಾದ ಕೂಡಲೇ ತಿನ್ನುವುದರಲ್ಲಿ ಒಂದು ವಿಶೇಷ ಲಾಭವಿದೆ. ಸಸ್ಯಾಹಾರಿಗಳು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಬೇಳೆಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ವಿಟಮಿನ್ ಸಿ ಅದೇ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದರೆ ಆ ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತದೆ. ಎರಡೂ ಒಂದೇ ಊಟದಲ್ಲಿ ಸೇರಬೇಕು. ಬೆಳಗ್ಗೆ ಹಣ್ಣು, ರಾತ್ರಿ ಸೊಪ್ಪು ಎಂದರೆ ಈ ಲಾಭ ಸಿಗದು. ಕಾಫಿ, ಚಹಾಗಳು ಕಬ್ಬಿಣದ ಹೀರುವಿಕೆಗೆ ಅಡ್ಡಬರುವುದರಿಂದ ಅವನ್ನು ಊಟದಿಂದ ಒಂದು ಗಂಟೆಯಾದರೂ ದೂರವಿಡಿ. ರಕ್ತಹೀನತೆಯ ಅಂಚಿನಲ್ಲಿರುವ ಹೆಣ್ಣುಮಕ್ಕಳಿಗೆ, ಬೆಳೆಯುವ ಮಕ್ಕಳಿಗೆ ಇಷ್ಟು ಸಣ್ಣ ಹೊಂದಾಣಿಕೆ ನಿಜವಾದ ಉಪಕಾರ ಮಾಡಬಲ್ಲದು. ಆದರೆ ಈಗಾಗಲೇ ರಕ್ತಹೀನತೆ ಇರುವವರು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಟ್ಟು ಹಣ್ಣನ್ನೇ ನೆಚ್ಚಬಾರದು.

ಏಳನೆಯ ಹೆಜ್ಜೆ: ನಾಲಿಗೆ ಮತ್ತು ಹಲ್ಲನ್ನು ಕಾಪಾಡಿಕೊಳ್ಳಿ

ಅನಾನಸ್ ತಿಂದಾಗ ನಾಲಿಗೆ ಚುರುಗುಟ್ಟಲು ಕಾರಣಗಳು ಒಂದಕ್ಕಿಂತ ಹೆಚ್ಚು. ಬ್ರೊಮೆಲೈನ್ ಬಾಯಿಯ ಒಳಪದರದ ಪ್ರೊಟೀನಿನ ಮೇಲೂ ಕೆಲಸ ಮಾಡುತ್ತದೆ, ಹಣ್ಣಿನ ಆಮ್ಲ ಅದಕ್ಕೆ ಸೇರುತ್ತದೆ, ಜೊತೆಗೆ ಹಣ್ಣಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಸೂಕ್ಷ್ಮ ಹರಳುಗಳಿರುತ್ತವೆ. ಬಾಯಿಯ ಒಳಪದರ ಬೇಗ ಹೊಸದಾಗುವುದರಿಂದ ಶಾಶ್ವತ ಹಾನಿಯೇನೂ ಆಗುವುದಿಲ್ಲ. ಚೆನ್ನಾಗಿ ಹಣ್ಣಾದುದನ್ನು ತಿನ್ನುವುದು, ಹೋಳುಗಳನ್ನು ತೆಳು ಉಪ್ಪುನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುವುದು ಉರಿಯನ್ನು ಕಡಿಮೆ ಮಾಡುತ್ತದೆ. ಮೊಸರಿನ ಜೊತೆ ತಿಂದರೆ ಕಿಣ್ವ ಮೊಸರಿನ ಪ್ರೊಟೀನಿನ ಮೇಲೆ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಬೆರೆಸಿದ ಕೂಡಲೇ ತಿನ್ನಬೇಕು, ಇಟ್ಟರೆ ಕಹಿಯಾಗುತ್ತದೆ. ಬಾಯಿಹುಣ್ಣು ಇರುವಾಗ ಹಣ್ಣನ್ನು ಮುಟ್ಟದಿರುವುದೇ ಲೇಸು.

ಹಲ್ಲಿನ ವಿಷಯ ನಾಲಿಗೆಗಿಂತ ಗಂಭೀರ, ಏಕೆಂದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಒಮ್ಮೆ ಸವೆದರೆ ಮತ್ತೆ ಬೆಳೆಯದು. ಅನಾನಸಿನ ರಸದ ಪಿಎಚ್ (ಹುಳಿಯ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 3ರಿಂದ 4ರ ನಡುವೆ ಇದೆ. ಎನಾಮಲ್ ಮೆದುವಾಗತೊಡಗುವುದು ಸುಮಾರು 5.5ರಿಂದ ಕೆಳಗೆ. ಹಣ್ಣನ್ನು ಗಂಟೆಗಟ್ಟಲೆ ಒಂದೊಂದು ಹೋಳಾಗಿ ಮೆಲ್ಲುತ್ತ ಕೂರದೆ ಒಂದೇ ಸಲಕ್ಕೆ ತಿಂದು ಮುಗಿಸಿ, ನೀರಿನಿಂದ ಬಾಯಿ ಮುಕ್ಕಳಿಸಿ. ತಕ್ಷಣ ಹಲ್ಲುಜ್ಜಿದರೆ ಮೆದುವಾಗಿರುವ ಎನಾಮಲ್ ಬ್ರಷ್‌ನ ತಿಕ್ಕಾಟಕ್ಕೆ ಸವೆಯುತ್ತದೆ; ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ.

ಎಂಟನೆಯ ಹೆಜ್ಜೆ: ರಸ, ಡಬ್ಬಿ ಮತ್ತು ಒಣಹಣ್ಣಿನ ಭೇದ ತಿಳಿದು ಬಳಸಿ

ಹಣ್ಣನ್ನು ಹಿಂಡಿ ಸೋಸಿದಾಗ ನಾರು ಹಿಂದೆ ಉಳಿಯುತ್ತದೆ, ಸಕ್ಕರೆ ಲೋಟಕ್ಕೆ ಇಳಿಯುತ್ತದೆ. ಸಕ್ಕರೆ ಬೆರೆಸದ ಒಂದು ದೊಡ್ಡ ಲೋಟ ಅನಾನಸ್ ರಸದಲ್ಲಿಯೂ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಮಾರ್ಗಸೂಚಿ ಹಣ್ಣಿನ ರಸದ ಸಕ್ಕರೆಯನ್ನೂ ನಾವು ಮಿತಗೊಳಿಸಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸುತ್ತದೆ. ಇಡೀ ಹಣ್ಣಿನ ಸಕ್ಕರೆಯನ್ನು ಸೇರಿಸುವುದಿಲ್ಲ. ಈ ಒಂದು ಭೇದವೇ ರಸಕ್ಕಿಂತ ಹೋಳನ್ನು ಆರಿಸಿಕೊಳ್ಳಲು ಸಾಕಷ್ಟು ಕಾರಣ. ಕುಡಿಯಲೇಬೇಕೆನಿಸಿದರೆ ಸೋಸದೆ ರುಬ್ಬಿ, ಸಕ್ಕರೆ ಹಾಕದೆ, ಸಣ್ಣ ಲೋಟದಲ್ಲಿ ಕುಡಿಯಿರಿ.

ಡಬ್ಬಿಯ ಅನಾನಸನ್ನು ಕಾಯಿಸಿ ಮುಚ್ಚಿರುತ್ತಾರೆ. ಆ ಶಾಖಕ್ಕೆ ಬ್ರೊಮೆಲೈನ್ ನಿಷ್ಕ್ರಿಯವಾಗುತ್ತದೆ, ವಿಟಮಿನ್ ಸಿಯ ದೊಡ್ಡ ಪಾಲೂ ಹೋಗುತ್ತದೆ, ಮ್ಯಾಂಗನೀಸ್ ಮತ್ತು ನಾರು ಮಾತ್ರ ಉಳಿಯುತ್ತವೆ. ಸಕ್ಕರೆ ಪಾಕದಲ್ಲಿ ಮುಳುಗಿಸಿದ್ದನ್ನು ಬಿಟ್ಟು ಹಣ್ಣಿನದೇ ರಸದಲ್ಲಿರುವ ಡಬ್ಬಿಯನ್ನು ಆರಿಸಿ. ಮನೆಯಲ್ಲಿ ಬೇಯಿಸಿದರೂ ಆಗುವುದು ಇದೇ. ಹಸಿ ಹಣ್ಣಿನಿಂದ ಬಾಯಿ ಬಹಳ ಉರಿಯುವವರಿಗೆ ಬಿಸಿ ಮಾಡಿದ ಹಣ್ಣು ಒಂದು ಒಳ್ಳೆಯ ದಾರಿ. ಒಣಹಣ್ಣಿನಲ್ಲಿ ನೀರು ಹೋಗಿ ಸಕ್ಕರೆ ಸಾಂದ್ರವಾಗಿರುತ್ತದೆ, ಹಲವೊಮ್ಮೆ ಹೊರಗಿನಿಂದಲೂ ಸೇರಿಸಿರುತ್ತಾರೆ. ಅದನ್ನು ಕೆಡದಂತೆ ಇಡಲು ಸಲ್ಫೈಟ್ ಬಳಸಿದ್ದರೆ ಉಬ್ಬಸ ಇರುವ ಕೆಲವರಿಗೆ ತೊಂದರೆಯಾಗಬಹುದು; ಪೊಟ್ಟಣದ ಚೀಟಿಯನ್ನು ಓದಿ ಕೊಳ್ಳಿ.

ಒಂಬತ್ತನೆಯ ಹೆಜ್ಜೆ: ಉಳಿದುದನ್ನು ಸರಿಯಾಗಿ ಇಡಿ

ಇಡೀ ಹಣ್ಣನ್ನು ಹೊರಗೆ ನೆರಳಿನಲ್ಲಿ ಒಂದೆರಡು ದಿನ ಇಡಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನಗಳೊಳಗೆ ಬಳಸಿ. ಉಷ್ಣವಲಯದ ಹಣ್ಣಾದ ಅನಾನಸ್ ಬಹಳ ದಿನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿದ್ದರೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕಂದಾಗುತ್ತದೆ. ಕತ್ತರಿಸಿದ ಹೋಳುಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಫ್ರಿಜ್‌ನೊಳಗಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು. ಗುಳ್ಳೆ ಎದ್ದರೆ, ಹೆಂಡದ ವಾಸನೆ ಬಂದರೆ, ಲೋಳೆಯಾದರೆ ಎಸೆದುಬಿಡಿ, ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ತಿನ್ನಬೇಡಿ.

ಒಮ್ಮೆಗೆ ಮುಗಿಯದಷ್ಟು ಹಣ್ಣಿದ್ದರೆ ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ತೆಗೆದು ಮುಚ್ಚಿದರೆ ಬೇಕಾದಾಗ ಬೇಕಾದಷ್ಟನ್ನೇ ತೆಗೆದುಕೊಳ್ಳಬಹುದು. ಶೀತಲೀಕರಣ ವಿಟಮಿನ್ ಸಿಯನ್ನು ಶಾಖದಷ್ಟು ಹಾಳುಮಾಡುವುದಿಲ್ಲ, ಕಿಣ್ವವನ್ನೂ ಕೊಲ್ಲುವುದಿಲ್ಲ. ಕರಗಿದ ಹೋಳುಗಳು ಮೊದಲಿನ ಗರಿಮುರಿಯನ್ನು ಕಳೆದುಕೊಂಡು ಮೆತ್ತಗಾಗುವುದರಿಂದ ಅವು ರುಬ್ಬಲು ಮತ್ತು ಬೇಯಿಸಲು ಹೆಚ್ಚು ಸೂಕ್ತ; ಅರ್ಧ ಕರಗಿದಾಗಲೇ ತಿಂದರೆ ಹಾಗೆಯೂ ಚೆನ್ನಾಗಿರುತ್ತವೆ.